ಓದುಗರ ಪ್ರಶ್ನೆ: ಒಂದೇ ರಿಪೋರ್ಟು, ಬೇರೆ ಬೇರೆ ಮಕ್ಕಳು

ಪ್ರಶ್ನೆ: ನಮ್ಮ ಮನೆ ಪೆರ್ಲದಿಂದ ಸ್ವಲ್ಪ ಒಳಗೆ. ಮಗನಿಗೆ 9 ವರ್ಷ. ಅಕ್ಕನನ್ನು ವಿಟ್ಲದ ಕಡೆ ಕೊಟ್ಟದ್ದು, ಅವಳಿಗೆ 14ರ ಮಗಳು, 12ರ ಮಗ. ಹೋದ ವರ್ಷ ಮಂಗಳೂರಿನಲ್ಲಿ ಇಬ್ಬರು ಹುಡುಗರಿಗೂ ರಕ್ತ ಪರೀಕ್ಷೆ ಮಾಡಿಸಿದೆವು. ಇಬ್ಬರಿಗೂ ಫ್ರಜೈಲ್ ಎಕ್ಸ್ ಅಂತ ಬಂತು. ಕಾಯಿಲೆ ಒಂದೇ ಆದರೆ ಮಕ್ಕಳು ಯಾಕೆ ಹೀಗೆ? ಅಕ್ಕನ ಮಗ ಎಲ್ಲರ ಹತ್ತಿರ ಮಾತಾಡುತ್ತಾನೆ, ಅಂಗಡಿಗೆ ಒಬ್ಬನೇ ಹೋಗಿ ಹಾಲು ತರುತ್ತಾನೆ. ಒಂದೇ ತೊಂದರೆ ಅಂದರೆ 'ಬಸ್ಸು ಎಷ್ಟು ಗಂಟೆಗೆ' ಅಂತ ಐವತ್ತು ಸಲ ಕೇಳುತ್ತಾನೆ. ನನ್ನವನು ಕೈ ಕಚ್ಚಿ ಕಚ್ಚಿ ಹೆಬ್ಬೆರಳಿನ ಬುಡ ದಡ್ಡುಗಟ್ಟಿದೆ. ನೆಂಟರು ಬಂದರೆ ಕೊಟ್ಟಿಗೆಗೆ ಓಡುತ್ತಾನೆ. ಕುಂಬಳೆ ಬೆಡಿಗೆ, ಅಂದರೆ ಜಾತ್ರೆಯ ಸುಡುಮದ್ದಿಗೆ, ಕರೆದುಕೊಂಡು ಹೋಗಿ ಅರ್ಧದಲ್ಲೇ ವಾಪಸು ಬಂದೆವು. ಆದರೆ ಮೊಬೈಲಿನಲ್ಲಿ ಯಕ್ಷಗಾನ ಹಾಕಿದರೆ ಗಂಟೆಗಟ್ಟಲೆ ನೋಡುತ್ತಾನೆ, ವೇಷದವರ ಗತ್ತಿನಲ್ಲೇ 'ಬಲ್ಲಿರೇನಯ್ಯಾ' ಅನ್ನುತ್ತಾನೆ, 'ನೀರು ಬೇಕು' ಅನ್ನಲಿಕ್ಕೆ ಮಾತ್ರ ಬರುವುದಿಲ್ಲ. ಅಕ್ಕ ಚೆನ್ನಾಗಿ ಸಾಕಿದ್ದಾಳೆ, ನೀನು ಮೊಬೈಲು ಕೊಟ್ಟು ಹಾಳು ಮಾಡಿದ್ದು ಅಂತ ಅತ್ತೆಯ ದೂರು. ಇದು ನಿನ್ನ ತಾಯಿಮನೆಯಿಂದ ಬಂದ ದೋಷ ಅಂತಲೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹೀಗೆ ಯಾರೂ ಇಲ್ಲ. ಅಪ್ಪನಿಗೆ 68, ಚಾ ಗ್ಲಾಸು ಎತ್ತುವಾಗ ಕೈ ನಡುಗುತ್ತದೆ, ತೋಟದ ಸಂಕ ದಾಟಲಿಕ್ಕೆ ಈಗ ಹೆದರುತ್ತಾರೆ, ಅದು ಪ್ರಾಯದ್ದು ಬಿಡಿ. ಅಕ್ಕನಿಗೆ 37ಕ್ಕೇ ಮುಟ್ಟು ನಿಂತಿತು, ಅದು ಚಿಂತೆಯಿಂದ ಇರಬಹುದು. ತಂಗಿಗೆ ಈಗ ಗಂಡು ನೋಡುತ್ತಿದ್ದೇವೆ. ಅವಳಿಗೆ ಹೇಳಬೇಕಾ ಬೇಡವಾ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು 'ಅದು ಬಿಡಿ' ಅಂತ ದಾಟಿಸಿದ ಎರಡು ಸಾಲು ಉಂಟಲ್ಲ, ಅಪ್ಪನ ಕೈ ನಡುಕ ಮತ್ತು ಅಕ್ಕನ ಮುಟ್ಟು, ಅವನ್ನು ನಾನು ಬಿಡುವುದಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಹುಡುಗರ ವಿಷಯ.

ನಮ್ಮ ಎಕ್ಸ್ ಕ್ರೋಮೋಸೋಮಿನಲ್ಲಿ ಎಫ್‌ಎಂಆರ್-1 ಅಂತ ಒಂದು ಜೀನ್ ಇದೆ. 1991ರಲ್ಲಿ ಕಂಡುಹಿಡಿದದ್ದು. ಅದರ ಶುರುವಿನಲ್ಲಿ ಸಿಜಿಜಿ ಎಂಬ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರಲ್ಲಿ 30ರ ಆಸುಪಾಸು, 44ರವರೆಗೆ ಏನೂ ತೊಂದರೆ ಇಲ್ಲ. 55ರಿಂದ 200 ಇದ್ದರೆ ಪ್ರೀಮ್ಯುಟೇಶನ್ ಅನ್ನುತ್ತಾರೆ. 200 ದಾಟಿದರೆ ಜೀನ್ ಬಾಗಿಲು ಹಾಕಿಕೊಳ್ಳುತ್ತದೆ, ಅದು ಮಾಡಬೇಕಾದ ಪ್ರೋಟೀನ್ ತಯಾರಾಗುವುದಿಲ್ಲ. ಅದೇ ಫುಲ್ ಮ್ಯುಟೇಶನ್, ನಿಮ್ಮ ಹುಡುಗರ ರಿಪೋರ್ಟಿನ ಫ್ರಜೈಲ್ ಎಕ್ಸ್ ಅಂದರೆ ಇದೇ. ಆ ಪ್ರೋಟೀನಿನ ಕೆಲಸ ಮಿದುಳಿನಲ್ಲಿ ಬ್ರೇಕ್ ಇದ್ದ ಹಾಗೆ. ಅದಿಲ್ಲದಿದ್ದರೆ ಗಾಡಿ ಓಡುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಈಗ ಅಕ್ಕನ ಮಗನ ರಿಪೋರ್ಟು ಒಮ್ಮೆ ತೆಗೆದು ನೋಡಿ. ಅದರಲ್ಲಿ 'ಮೊಸಾಯಿಕ್' ಎಂಬ ಪದ ಇದೆಯೇ? ಕೆಲವು ಹುಡುಗರ ಮೈಯಲ್ಲಿ ಎಲ್ಲ ಜೀವಕೋಶಗಳೂ ಒಂದೇ ತರ ಇರುವುದಿಲ್ಲ. ಕೆಲವದರಲ್ಲಿ ಜೀನ್ ಪೂರ್ತಿ ಮುಚ್ಚಿದೆ, ಕೆಲವದರಲ್ಲಿ ಸ್ವಲ್ಪ ತೆರೆದಿದೆ. ಅಂಥವರಲ್ಲಿ ಒಂದಿಷ್ಟು ಪ್ರೋಟೀನ್ ಆಗುತ್ತದೆ. ಮಾತು, ಬುದ್ಧಿ, ಮನೆಕೆಲಸ ಎಲ್ಲ ಅಷ್ಟರಮಟ್ಟಿಗೆ ಹಗುರ. ಅದು ಇದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಇಲ್ಲದಿದ್ದರೂ ಬೇರೆ ಕಾರಣಗಳಿವೆ. ಈ ತೊಂದರೆ ಇರುವ ಹುಡುಗರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಆಟಿಸಂ ಕೂಡ ಜೊತೆಗಿರುತ್ತದೆ, ಉಳಿದವರಿಗೆ ಇರುವುದಿಲ್ಲ. ಕೆಲವರಿಗೆ ಫಿಟ್ಸ್. ಕೆಲವರಿಗೆ ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ಕೇಳಿಸುವುದೇ ಕಡಿಮೆಯಾಗಿರುತ್ತದೆ, ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ನಿಮ್ಮ ಮಗನ ಕಿವಿ ತೋರಿಸಿದ್ದೀರಾ? ಪತ್ರದಲ್ಲಿ ಇಲ್ಲ. ತೋರಿಸಿ.

ಇಷ್ಟಾದರೂ ನನಗೆ ನಿಮ್ಮ ಹುಡುಗರಿಬ್ಬರು ಅಷ್ಟು ಬೇರೆ ಬೇರೆ ಅಂತ ಕಾಣುವುದಿಲ್ಲ. ಸಿಟ್ಟು ಮಾಡಬೇಡಿ. ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಒಬ್ಬ ಕೈ ಕಚ್ಚುತ್ತಾನೆ, ಇನ್ನೊಬ್ಬ ಬಸ್ಸಿನ ಟೈಮು ಕೇಳುತ್ತಾನೆ, ಎರಡೂ ಹೆದರಿಕೆಯೇ. ಫ್ರಜೈಲ್ ಎಕ್ಸ್ ಮಕ್ಕಳ ಮೈಯೊಳಗಿನ ಅಲಾರಂ ತುಂಬ ಸುಲಭವಾಗಿ ಹೊಡೆದುಕೊಳ್ಳುತ್ತದೆ, ಒಮ್ಮೆ ಶುರುವಾದರೆ ಬೇಗ ನಿಲ್ಲುವುದಿಲ್ಲ. ದೊಡ್ಡ ಶಬ್ದಕ್ಕೆ, ಜನರ ಗುಂಪಿಗೆ, ಫಿನಾಯಿಲ್ ವಾಸನೆಗೆ, ಹೊಸ ಅಂಗಿಯ ಕಾಲರಿಗೆ, ಕೊನೆಗೆ ಖುಷಿಗೂ ಹೊಡೆದುಕೊಳ್ಳುತ್ತದೆ. ಹೌದು, ಖುಷಿಗೂ. ಮಾವ ಚಾಕಲೇಟು ತಂದರೆ ಕೈ ಕಚ್ಚಿಕೊಳ್ಳುವ ಮಗುವನ್ನು ನಾನು ನೋಡಿದ್ದೇನೆ. ಮಾತು ಇರುವ ಮಗು ಆ ಹೆದರಿಕೆಯನ್ನು ಪ್ರಶ್ನೆ ಮಾಡಿ ಹೊರಗೆ ಹಾಕುತ್ತದೆ. ಮಾತಿಲ್ಲದ ಮಗುವಿಗೆ ಕೈ ಒಂದೇ ಗತಿ. ಆ ಬಸ್ಸಿನ ಟೈಮು ಅವನಿಗೆ ಗೊತ್ತೇ ಇದೆ, ನಿಮ್ಮಕ್ಕನನ್ನು ಕೇಳಿ ನೋಡಿ.

ಇನ್ನು ಅಕ್ಕನ ಮಗಳು. ಅವಳ ಬಗ್ಗೆ ಪ್ರಾಯ ಬಿಟ್ಟರೆ ನೀವು ಏನೂ ಬರೆದಿಲ್ಲ. ನಾನೇ ಊಹಿಸಲಾ? ನಾಚಿಕೆ ಜಾಸ್ತಿ, ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಲೆಕ್ಕ ತಲೆಗೆ ಹೋಗುವುದಿಲ್ಲ, ಪರೀಕ್ಷೆ ಬಂದರೆ ಹೊಟ್ಟೆನೋವು. ಊಹೆ ತಪ್ಪಾದರೆ ಸಂತೋಷ. ಸರಿಯಾದರೆ ಅವಳಿಗೂ ಪರೀಕ್ಷೆ ಮಾಡಿಸಲಿ. ಹುಡುಗಿಯರಿಗೆ ಎಕ್ಸ್ ಎರಡು ಇರುತ್ತವೆ, ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ. ಅದಕ್ಕೇ ಅವರದು ಹೆಚ್ಚಾಗಿ ಹಗುರ, ಹಗುರ ಅಂತಲೇ ಯಾರೂ ಗಮನಿಸುವುದಿಲ್ಲ. 'ಪಾಪದ ಹುಡುಗಿ' ಅಂತ ಹೆಸರು ಕೊಟ್ಟು ಸುಮ್ನೆ ಕೂರುತ್ತೇವೆ.

ಕೈ ಕಚ್ಚುವುದಕ್ಕೆ ಏನು ಮಾಡುವುದು? ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಚ್ಚಿದ್ದು ಬರೆಯುವುದಲ್ಲ, ಕಚ್ಚುವ ಮೊದಲು ಅರ್ಧ ಗಂಟೆಯಲ್ಲಿ ಏನಾಯಿತು ಅದನ್ನು ಬರೆಯಿರಿ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗನಿದ್ದ, ದಿನಾ ಹನ್ನೊಂದು ಗಂಟೆ ಹೊತ್ತಿಗೆ ಕಚ್ಚುತ್ತಿದ್ದ. ಹಸಿವೆ ಅಂದುಕೊಂಡು ಒಂದು ತಿಂಗಳು ಬಿಸ್ಕೆಟು ಕೊಟ್ಟೆವು, ಹುಡುಗ ದಪ್ಪ ಆದ ಅಷ್ಟೆ. ಆಮೇಲೆ ತಿಳಿಯಿತು, ಇಂಟರ್‌ವಲ್ಲಿನ ಬೆಲ್ಲು. ಜಗಲಿಯಲ್ಲಿ ರೈಲು ಕಂಬಿಯ ತುಂಡು ತೂಗುಹಾಕಿತ್ತು, ಅದಕ್ಕೆ ಹೊಡೆಯುವುದು. ಬೆಲ್ಲಾದ ಮೇಲಲ್ಲ, ಅದು ಯಾವಾಗ ಆಗುತ್ತದೋ ಅಂತ ಕಾಯುತ್ತಾ ಕಚ್ಚುತ್ತಿದ್ದ. ಬೆಲ್ಲು ಹೊಡೆಯುವ ಕೆಲಸ ಅವನಿಗೇ ಕೊಟ್ಟೆವು. ಪೂರ್ತಿ ನಿಂತಿತು ಅಂತ ಹೇಳುವುದಿಲ್ಲ, ಬೇರೆಯವರು ಹೊಡೆದ ದಿನ ಮತ್ತೆ ಶುರು. ಆದರೆ ಕೈಯ ಗಾಯ ಮಾಗಿತು.

ನಿಮ್ಮ ಮೊಬೈಲ್ ಯಕ್ಷಗಾನವೂ ಅದೇ. ಎದುರಿಗೆ ಚೆಂಡೆ ಬಾರಿಸಿದರೆ ಓಡುವ ಮಗು ಮೊಬೈಲಿನಲ್ಲಿ ಅದೇ ಚೆಂಡೆ ಕೇಳುತ್ತದೆ ಅಂದರೆ ಯಾಕೆ? ಶಬ್ದದ ಗುಂಡಿ ಅವನ ಕೈಯಲ್ಲಿದೆ. ಅತ್ತೆಗೆ ಹೇಳಿ, ಮೊಬೈಲಿನಿಂದ ಸಿಜಿಜಿ ಹೆಚ್ಚಾಗುವುದಿಲ್ಲ. ಆದರೂ ಗಂಟೆಗಟ್ಟಲೆ ಬೇಡ, ಅದರಲ್ಲಿ ನಾನು ಅತ್ತೆಯ ಪಾರ್ಟಿ. ಆ ಅರ್ಥಗಾರಿಕೆಯನ್ನು ನೀವು ಉಪಯೋಗಿಸಿ. ಈ ಮಕ್ಕಳು ನಕಲು ಮಾಡುವುದರಲ್ಲಿ ಗಟ್ಟಿ, ಇಡೀ ಸಾಲನ್ನು ರಾಗ ಸಮೇತ ನುಂಗುತ್ತಾರೆ, ಬಿಡಿ ಪದ ಜೋಡಿಸುವುದು ಕಷ್ಟ. ಭಾಗವತರ ಧಾಟಿಯಲ್ಲಿ 'ನೀರು ಬೇಕೂ' ಅಂತ ಎಳೆದು ಹಾಡಿ, ಗ್ಲಾಸು ತೋರಿಸಿ ನಿಲ್ಲಿಸಿ. 'ಏನು ಬೇಕು, ಹೇಳು, ಹೇಳು' ಅಂತ ಮುಖಕ್ಕೆ ಮುಖ ಕೊಟ್ಟು ಕೇಳಬೇಡಿ, ನೇರ ಪ್ರಶ್ನೆ ಕೇಳಿದರೆ ಬಾಯಲ್ಲಿದ್ದದ್ದೂ ಒಳಗೆ ಹೋಗುತ್ತದೆ. 'ನನಗೆ...' ಅಂತ ಶುರು ಮಾಡಿ ಖಾಲಿ ಬಿಡಿ. ಅವನು ತುಂಬಿಸಲಿ.

ಮಾತಿನ ಥೆರಪಿಯ ಬಗ್ಗೆ ನಮ್ಮ ಕಾಸರಗೋಡು ಜಿಲ್ಲೆಯದೇ ಒಂದು ರಗಳೆ ಇದೆ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಥೆರಪಿಯವರು ಮಲಯಾಳ. ಮೂರು ಭಾಷೆ ಕೇಳಿ ಮಗು ಹಾಳಾಗುವುದಿಲ್ಲ, ಆ ಹೆದರಿಕೆ ಬೇಡ. ಆದರೆ ಮಾತು ಕಲಿಯಬೇಕಾದದ್ದು ಮನೆಯ ಭಾಷೆಯಲ್ಲಿ. ನೀರಿಗೆ 'ವೆಳ್ಳಂ' ಅಂತ ಕಲಿತು ಮನೆಗೆ ಬಂದು ಅಜ್ಜಿಗೆ ಹೇಳಿ ಏನು ಪ್ರಯೋಜನ? ಥೆರಪಿಸ್ಟರಿಗೆ ನಿಮ್ಮ ಮನೆಯ 20 ಪದ ಬರೆದು ಕೊಡಿ, ಅವನ್ನೇ ಹಿಡಿಯಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಬರಲು ಸಾಧ್ಯವಾದರೆ ಒಳ್ಳೆಯದು, ಅಲ್ಲಿ ಕನ್ನಡದಲ್ಲೇ ನೋಡುತ್ತಾರೆ, ಕಿವಿಯನ್ನೂ ಅಲ್ಲೇ ಪರೀಕ್ಷಿಸುತ್ತಾರೆ. ಖರ್ಚಿಗೆ ನಿರಾಮಯ ಅಂತ ಒಂದು ವಿಮೆ ಉಂಟು, ವರ್ಷಕ್ಕೆ 1 ಲಕ್ಷದವರೆಗೆ. ಬುದ್ಧಿಮಾಂದ್ಯ ಅಥವಾ ಆಟಿಸಂ ಅಂತ ಅಂಗವೈಕಲ್ಯ ಸರ್ಟಿಫಿಕೇಟು ಇದ್ದರೆ ಅರ್ಜಿ ಹಾಕಬಹುದು. ನಿದ್ರೆ, ಚಡಪಡಿಕೆ, ಹೆದರಿಕೆಗೆ ಔಷಧಿಗಳಿವೆ, ಕೆಲವು ಮಕ್ಕಳಿಗೆ ಚೆನ್ನಾಗಿ ಹಿಡಿಯುತ್ತವೆ, ಅದು ಡಾಕ್ಟರ ಕೆಲಸ. ಜೀನ್ ಸರಿಮಾಡುವ ಔಷಧಿ ಇನ್ನೂ ಬಂದಿಲ್ಲ. ಬಂದಿದೆ ಅಂತ ವಾಟ್ಸಾಪಿನಲ್ಲಿ ಯಾರಾದರೂ ಕಳಿಸಿದರೆ ದುಡ್ಡು ಕಳಿಸಬೇಡಿ.

ಈಗ ನಿಮ್ಮ ಅಪ್ಪ. ಕೂತಾಗ ಸುಮ್ಮನಿರುವ ಕೈ ಗ್ಲಾಸು ಎತ್ತುವಾಗ ನಡುಗುವುದು, ಸಂಕದ ಮೇಲೆ ಸಮತೋಲ ತಪ್ಪುವುದು. ಪ್ರೀಮ್ಯುಟೇಶನ್ ಇರುವ ಗಂಡಸರಲ್ಲಿ 50 ದಾಟಿದ ಮೇಲೆ ಹತ್ತರಲ್ಲಿ ನಾಲ್ಕು ಮಂದಿಗೆ ಇದು ಬರುತ್ತದೆ. ಅದೇ ಪ್ರೀಮ್ಯುಟೇಶನ್ ಇರುವ ಹೆಂಗಸರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ 40ರೊಳಗೇ ಮುಟ್ಟು ನಿಲ್ಲುತ್ತದೆ. ನಿಮ್ಮ ಅಕ್ಕನ 37, ನಿಮ್ಮ ಅಪ್ಪನ ನಡುಕ, ಎರಡು ಮೊಮ್ಮಕ್ಕಳ ರಿಪೋರ್ಟು, ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದ್ದಿರಬಹುದು ಅಂತ ನನ್ನ ಸಂಶಯ. ಖಚಿತ ಮಾಡಬೇಕಾದದ್ದು ರಕ್ತ ಪರೀಕ್ಷೆ. ಪಾರ್ಕಿನ್ಸನ್ ಅಂತ ಮಾತ್ರೆ ನುಂಗುತ್ತಿದ್ದರೆ ನರರೋಗದ ಡಾಕ್ಟರಿಗೆ ಮೊಮ್ಮಕ್ಕಳ ರಿಪೋರ್ಟು ತಪ್ಪದೆ ತೋರಿಸಿ.

ಗಂಡಸು ತನ್ನ ಎಕ್ಸನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ, ಗಂಡುಮಕ್ಕಳಿಗೆ ಯಾರಿಗೂ ಕೊಡುವುದಿಲ್ಲ. ಅವನಿಂದ ಮಗಳಿಗೆ ಬರುವಾಗ ಪ್ರೀಮ್ಯುಟೇಶನ್ ಫುಲ್ ಆಗುವುದಿಲ್ಲ, ಮಗಳಿಂದ ಮೊಮ್ಮಕ್ಕಳಿಗೆ ಹೋಗುವಾಗ ಬೆಳೆಯಬಹುದು. ಅದಕ್ಕೇ ನಿಮ್ಮ ಮನೆಯಲ್ಲಿ 'ಹೀಗೆ ಯಾರೂ ಇಲ್ಲ'. ತಾಯಿಮನೆಯ ದೋಷ ಅನ್ನುವ ಅತ್ತೆಗೆ ಏನು ಹೇಳುವುದು? ನಮ್ಮಲ್ಲಿ ಬಂಟರಿಗೆ ಬಳಿ (ಕುಲದ ಹೆಸರು) ಅಮ್ಮನಿಂದ, ಹವ್ಯಕರಿಗೆ ಗೋತ್ರ ಅಪ್ಪನಿಂದ, ಎಕ್ಸ್ ಕ್ರೋಮೋಸೋಮಿಗೆ ಎರಡೂ ಗೊತ್ತಿಲ್ಲ. ನಿಮ್ಮ ಅಪ್ಪ ಅದನ್ನು ಬೇಕಂತ ಕೊಟ್ಟದ್ದಲ್ಲ, ನೀವೂ ಅಲ್ಲ. ಅವರಿಗೆ ಕೊಟ್ಟವರು ಅವರ ಅಮ್ಮ, ಪಾಪ ಆ ಅಜ್ಜಿಗೂ ಗೊತ್ತಿರಲಿಲ್ಲ.

ತಂಗಿಗೆ ಹೇಳಬೇಕು. ಅಪ್ಪನಲ್ಲಿ ಇದ್ದರೆ ಅವಳಲ್ಲೂ ಇದ್ದೇ ಇದೆ. ಅಮ್ಮನ ಕಡೆಯಿಂದ ಬಂದದ್ದಾದರೆ ಅರ್ಧಕ್ಕರ್ಧ. ಅವಳಲ್ಲಿ ಆ ಸಿಜಿಜಿ ಎಷ್ಟು ಸಲ ಬರುತ್ತದೆ ಅನ್ನುವುದರ ಮೇಲೆ ಮುಂದಿನ ಲೆಕ್ಕ, 100 ದಾಟಿದ್ದರೆ ಆ ಎಕ್ಸ್ ಮಗುವಿಗೆ ಹೋದಾಗ ಫುಲ್ ಆಗುವುದು ಬಹುತೇಕ ಖಂಡಿತ, ಕಡಿಮೆ ಇದ್ದರೆ ಅಪಾಯವೂ ಕಡಿಮೆ. ಗರ್ಭದಲ್ಲೇ ಪರೀಕ್ಷೆ ಮಾಡುವ ದಾರಿಗಳಿವೆ. ಹುಡುಗನ ಕಡೆಯವರಿಗೆ ಯಾವಾಗ ಹೇಳುವುದು, ಹೇಗೆ ಹೇಳುವುದು ಅವಳ ತೀರ್ಮಾನ. ಆದರೆ ಅವಳಿಗೇ ತಿಳಿಯದ ಹಾಗೆ ಮದುವೆ ಮಾಡುವುದು ಮಾತ್ರ ಬೇಡ. ಜೆನೆಟಿಕ್ ಕೌನ್ಸೆಲಿಂಗಿಗೆ ಮೂವರು ಅಕ್ಕತಂಗಿಯರೂ ಒಟ್ಟಿಗೆ ಹೋಗಿ, ಅಪ್ಪನನ್ನೂ ಕಾರಿನಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರ ಕನ್ನಡ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಟೀಚರ್. ಎರಡನೇ ಕ್ಲಾಸಿನಲ್ಲಿ ಫ್ರಜೈಲ್ ಎಕ್ಸ್ ಇರುವ ಹುಡುಗನಿದ್ದಾನೆ. ಎಷ್ಟು ಹೇಳಿದರೂ ಮುಖ ನೋಡುವುದಿಲ್ಲ, ಗಲ್ಲ ಹಿಡಿದು ತಿರುಗಿಸಿದರೆ ಕಣ್ಣು ಮುಚ್ಚುತ್ತಾನೆ. ಹಿಂದೆ ಡೌನ್ ಸಿಂಡ್ರೋಮ್ ಹುಡುಗಿಗೆ ಪಾಠ ಮಾಡಿದ್ದೆ, ಅವಳು ಎಷ್ಟು ಪ್ರೀತಿಯಿಂದ ಅಪ್ಪಿಕೊಳ್ಳುತ್ತಿದ್ದಳು! ಇವನದು ಸೊಕ್ಕಾ ಅಂತ ಅನಿಸುತ್ತದೆ.

ಉತ್ತರ: ಗಲ್ಲ ಹಿಡಿಯುವುದನ್ನು ಇವತ್ತೇ ಬಿಡಿ ಟೀಚರೇ. ಸೊಕ್ಕಲ್ಲ. ಕಣ್ಣಿಗೆ ಕಣ್ಣು ಕೊಡುವುದು ಈ ಮಕ್ಕಳಿಗೆ ಬಿಸಿಲಿಗೆ ಕಣ್ಣು ಬಿಟ್ಟ ಹಾಗೆ. ವಿಚಿತ್ರ ಅಂದರೆ ಹೆಚ್ಚಿನವರಿಗೆ ಜನ ಬೇಕು, ಗೆಳೆತನ ಬೇಕು. ಕೈ ಕುಲುಕುತ್ತಾರೆ, ಅದೇ ಹೊತ್ತಿಗೆ ಮುಖ ಆಚೆ ತಿರುಗಿಸುತ್ತಾರೆ. ಅವನು ಕದ್ದು ನೋಡುವುದನ್ನು ನೀವು ನೋಡಿರುತ್ತೀರಿ, ಅಲ್ವಾ?

ಒಂದೊಂದು ಜೀನಿನ ತೊಂದರೆಗೂ ಒಂದೊಂದು ಜಾಯಮಾನ. ವಿಲಿಯಮ್ಸ್ ಸಿಂಡ್ರೋಮ್ ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಕೈ ಹಿಡಿದು ಹೊರಡುತ್ತಾರೆ, ಅಲ್ಲಿ ಅಪ್ಪ ಅಮ್ಮನಿಗೆ ಬೇರೆಯೇ ಹೆದರಿಕೆ. ಪ್ರೇಡರ್ ವಿಲ್ಲಿ, ಅಂದರೆ ಅಪ್ಪನ ಕಡೆಯಿಂದ 15ನೇ ಕ್ರೋಮೋಸೋಮಿನ ಒಂದು ತುಂಡು ಇಲ್ಲದ ಮಗುವಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿತು ಅನಿಸುವುದಿಲ್ಲ, ಅಡುಗೆಮನೆಗೆ ಬೀಗ ಹಾಕಬೇಕಾಗುತ್ತದೆ. ಅದೇ ತುಂಡು ಅಪ್ಪನ ಬದಲು ಅಮ್ಮನ ಕಡೆಯಿಂದ ಇಲ್ಲದಿದ್ದರೆ ಆಂಜೆಲ್‌ಮನ್, ಆ ಮಕ್ಕಳು ಮಾತಾಡುವುದು ಅಪರೂಪ, ನಗುತ್ತಲೇ ಇರುತ್ತಾರೆ, ನೀರು ಕಂಡರೆ ಪ್ರಾಣ. ಹಾಗಂತ ನಿಮ್ಮ ಡೌನ್ ಸಿಂಡ್ರೋಮ್ ಹುಡುಗಿಯನ್ನು ನೋಡಿ ಅವರೆಲ್ಲ ಹಾಗೆಯೇ ಅಂತ ತಿಳಿಯಬೇಡಿ. ಎತ್ತಿಕೊಂಡರೆ ಒದೆಯುವವರೂ ಇದ್ದಾರೆ, ನನಗೆ ಅನುಭವ ಉಂಟು.

ಕ್ಲಾಸಿನಲ್ಲಿ ಅವನನ್ನು ಬಾಗಿಲ ಪಕ್ಕ ಗೋಡೆ ಬದಿಗೆ ಕೂರಿಸಿ, ನಡುವೆ ಬೇಡ. ಎದುರು ನಿಲ್ಲದೆ ಪಕ್ಕದಲ್ಲಿ ಕೂತು ಮಾತಾಡಿ. ಬೆಂಚಿನಲ್ಲಿ ಇನ್ನೊಬ್ಬನಿಗೆ ಕೇಳಿದ ಪ್ರಶ್ನೆಗೆ ಇವನು ಉತ್ತರ ಹೇಳುತ್ತಾನೆ, ಬೇಕಂತಲೇ ಹಾಗೆ ಕೇಳಿ. ಅ ಆ ಇ ಈ, ಕಾಗುಣಿತ ಅಂತ ಸಾಲಾಗಿ ಹೋದರೆ ದಾರಿ ತಪ್ಪುತ್ತದೆ. ಇಡೀ ಪದದ ಚಿತ್ರ ಕಣ್ಣಲ್ಲಿ ನಿಲ್ಲುತ್ತದೆ. ಅವನ ಹೆಸರು, 'ಬಸ್ಸು', 'ಅಮ್ಮ', 'ಗೋಳಿಬಜೆ', ಅವನಿಗೆ ಬೇಕಾದ ಪದಗಳನ್ನು ಕಾರ್ಡಿನಲ್ಲಿ ಬರೆದು ಅದರಿಂದ ಶುರು ಮಾಡಿ. ಲೆಕ್ಕ ನಿಧಾನ ಆಗುತ್ತದೆ, ಅಡಿಕೆ ಎಣಿಸಲಿ. ನಾಳೆ ಏನಾದರೂ ಬದಲಾವಣೆ ಇದ್ದರೆ, ಇನ್ಸ್‌ಪೆಕ್ಷನ್, ಡ್ರಿಲ್, ರಜೆಯಲ್ಲಿರುವ ಟೀಚರ್, ಅದನ್ನು ಇವತ್ತೇ ಹೇಳಿಬಿಡಿ. ಅವನು ಕೇಳುತ್ತಿಲ್ಲ ಅಂತ ಕಂಡರೂ ಹೇಳಿ.

ಪ್ರಶ್ನೆ: ಎಣ್ಮಕಜೆ ಕಡೆಯವರು ನಾವು. ಮಗನಿಗೆ 7. ಮಾತು ತಡ, ಕೈ ಬಡಿಯುತ್ತಾನೆ, ಒಂದು ಕಡೆ ಕೂರುವುದಿಲ್ಲ. ಎಂಆರ್‌ಐ, ಕ್ರೋಮೋಸೋಮ್ ಟೆಸ್ಟ್ ಎಲ್ಲ ನಾರ್ಮಲ್. ಊರಿನವರು ಇದು ಎಂಡೋಸಲ್ಫಾನೇ, ಗೇರುತೋಟಕ್ಕೆ ಹೊಡೆಯುತ್ತಿದ್ದ ಆ ಕೀಟನಾಶಕದಿಂದಲೇ ಆದದ್ದು ಅನ್ನುತ್ತಾರೆ. ನನ್ನ ಹೆಂಡತಿಯ ತಮ್ಮ ಕೂಡ ಚಿಕ್ಕಂದಿನಿಂದ ಹೀಗೆಯೇ, ಅವನನ್ನು ಯಾವ ಡಾಕ್ಟರಿಗೂ ತೋರಿಸಿಲ್ಲ.

ಉತ್ತರ: ನಿಮ್ಮ ಊರಿನವರ ಮಾತನ್ನು ನಾನು ಹಗುರ ಮಾಡುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದನ್ನು ಕಂಡವರು ಅವರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ಆದರೆ ಆ ಹೆಸರು ಎಷ್ಟು ದೊಡ್ಡದಾಗಿದೆ ಅಂದರೆ ಅದರ ನೆರಳಿನಲ್ಲಿ ಬೇರೆ ಕಾರಣ ಹುಡುಕುವುದೇ ನಿಂತುಹೋಗುತ್ತದೆ. ಮಗುವಿನ ಸೋದರಮಾವನಿಗೂ ಹಾಗೇ ಇದೆ ಅನ್ನುವ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಮ್ಮನ ಕಡೆಯ ಗಂಡಸರಲ್ಲಿ ಕಾಣಿಸಿಕೊಂಡರೆ ಮೊದಲು ಕೇಳಬೇಕಾದ ಪರೀಕ್ಷೆಗಳಲ್ಲಿ ಫ್ರಜೈಲ್ ಎಕ್ಸ್ ಒಂದು. 1943ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಮತ್ತು ಬೆಲ್ ಇದನ್ನು ಮೊದಲು ಬರೆದದ್ದೂ ಒಂದೇ ಮನೆತನದ ಗಂಡಸರನ್ನು ನೋಡಿ.

ಕ್ರೋಮೋಸೋಮ್ ಟೆಸ್ಟ್ ನಾರ್ಮಲ್ ಅಂದದ್ದಕ್ಕೆ ಇದು ಇಲ್ಲ ಅಂತ ಅರ್ಥವಲ್ಲ. ಈಗಿನ ಮಾಮೂಲು ಕ್ರೋಮೋಸೋಮ್ ಟೆಸ್ಟಿನಲ್ಲಿ, ಮೈಕ್ರೋಅರೇಯಲ್ಲಿ, ದುಬಾರಿ ಎಕ್ಸೋಮ್ ಟೆಸ್ಟಿನಲ್ಲೂ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಮೇಲೆ ಹೇಳಿದ ಸಿಜಿಜಿಯ ಪುನರಾವರ್ತನೆ ಎಣಿಸುವ ಪ್ರತ್ಯೇಕ ಪರೀಕ್ಷೆ ಬೇಕು. ಚೀಟಿಯಲ್ಲಿ 'ಫ್ರಜೈಲ್ ಎಕ್ಸ್, ಎಫ್‌ಎಂಆರ್-1, ಪಿಸಿಆರ್' ಅಂತ ಬರೆಸಿಕೊಳ್ಳಿ. ಬಂದರೂ ಬರದಿದ್ದರೂ ಮಗನಿಗೆ ಮಾತಿನ ಥೆರಪಿ ನಿಲ್ಲಿಸಬೇಡಿ, ರಿಪೋರ್ಟಿಗೆ ಕಾಯಬೇಡಿ.

ಹೋಗುವಾಗ ನಿಮ್ಮ ಹೆಂಡತಿಯ ತಮ್ಮನನ್ನೂ ಕರೆದುಕೊಂಡು ಹೋಗಿ. ಆಸ್ಪತ್ರೆಯ ಗಲಾಟೆ ಅವರಿಗೆ ಕಷ್ಟವಾದೀತು, ಬೆಳಗ್ಗಿನ ಮೊದಲ ನಂಬರು ತೆಗೆದುಕೊಳ್ಳಿ.